ನೇಮಕಾತಿ ಪರೀಕ್ಷೆಗೆ ಯಾವ ಬಟ್ಟೆ? ಮನೆಯಲ್ಲೇ ತೀರ್ಮಾನವಾಗಲಿ

ಸರ್ಕಾರಿ ಹುದ್ದೆಯ ಲಿಖಿತ ಪರೀಕ್ಷೆಗೆ ಹೊರಡುವ ಅನೇಕರು ಸಂದರ್ಶನಕ್ಕೆ ಹೋಗುವವರಂತೆ ಇಸ್ತ್ರಿ ಮಾಡಿದ ತುಂಬು ತೋಳಿನ ಅಂಗಿ, ಪಾಲಿಶ್ ಹಾಕಿದ ಬೂಟು ತೆಗೆದಿಡುತ್ತಾರೆ. ಗೇಟಿನಲ್ಲಿ ತೊಡಕಾಗುವುದೂ ಇವೇ. ಇದಕ್ಕೆ ಹಿಂದಿನ ಅಕ್ರಮಗಳೇ ಕಾರಣ. 2021ರ ಅಕ್ಟೋಬರ್ 3ರಂದು 545 ಪಿಎಸ್ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಯಿತು. 2023ರ ಅಕ್ಟೋಬರ್ 28ರಂದು ನಿಗಮ-ಮಂಡಳಿಗಳ ಎಫ್‌ಡಿಎ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಬ್ಲೂಟೂತ್ ಬಳಸಿದವರು ಸಿಕ್ಕಿಬಿದ್ದರು. ಆ ಬಳಿಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಉಡುಪಿನ ನಿಯಮ ಬಿಗಿಗೊಳಿಸಿತು. ಕಿವಿಗಿಡುವ ಸಾಧನ ಕಡಲೆಕಾಳಿನಷ್ಟು ಚಿಕ್ಕದಾಗಿರುವಾಗ ಉದ್ದ ತೋಳು, ದಪ್ಪ ಅಟ್ಟೆ, ದೊಡ್ಡ ಗುಂಡಿ ಎಲ್ಲವೂ ಅನುಮಾನಕ್ಕೆ ಎಡೆಯಾಗುತ್ತವೆ.

ಬೆಂಗಳೂರಿನವರು ಈ ನಿಯಮ ಮರೆತರೆ ಮನೆಗೆ ಓಡಿ ಬದಲಿಸಿಕೊಂಡು ಬಂದಾರು. ಜೋಯಿಡಾದಿಂದ ಅಣಶಿ ಘಾಟಿ ಇಳಿದು ಕಾರವಾರ ಸೇರಿದವರಿಗೆ, ದಾಂಡೇಲಿ-ಹಳಿಯಾಳದಿಂದ ಧಾರವಾಡಕ್ಕೆ, ಮುಂಡಗೋಡದಿಂದ ಹುಬ್ಬಳ್ಳಿಗೆ ನಸುಕಿನ ಬಸ್ಸು ಹಿಡಿದವರಿಗೆ ಆ ಅವಕಾಶವಿಲ್ಲ. ಹಾಗಾಗಿ ಪ್ರವೇಶ ಪತ್ರ ಕೈಗೆ ಬಂದ ದಿನವೇ ಅದರ ಸೂಚನೆಗಳನ್ನು ಕೊನೆಯ ಸಾಲಿನವರೆಗೆ ಓದಿ. ಪರೀಕ್ಷೆಯಿಂದ ಪರೀಕ್ಷೆಗೆ ನಿಯಮ ಬದಲಾಗುತ್ತದೆ. ಆಮೇಲೆ ಬೀರು ತೆರೆಯಿರಿ. ಪುರುಷರಿಗೆ ಅರ್ಧ ತೋಳಿನ, ಆದಷ್ಟು ಕಾಲರ್ ಇಲ್ಲದ ಅಂಗಿ, ಕಡಿಮೆ ಜೇಬಿನ ಸಾದಾ ಪ್ಯಾಂಟು; ಜೀನ್ಸ್, ಕುರ್ತಾ-ಪೈಜಾಮ ಬೇಡ. ಮಹಿಳೆಯರಿಗೆ ಕಸೂತಿ, ದೊಡ್ಡ ಗುಂಡಿ ಇಲ್ಲದ ಅರ್ಧ ತೋಳಿನ ಉಡುಪು. ಮಂಗಳಸೂತ್ರ, ಕಾಲುಂಗುರ ಬಿಟ್ಟು ಉಳಿದ ಆಭರಣ ಮನೆಯಲ್ಲೇ ಇರಲಿ. ಅರ್ಧ ತೋಳಿನದು ಇಲ್ಲವೆಂದರೆ ಹೊಸದು ಕೊಳ್ಳಬೇಕಿಲ್ಲ, ಹಳೆಯ ಅಂಗಿಯ ತೋಳನ್ನು ಟೇಲರ್ ಬಳಿ ಮೊಟಕು ಮಾಡಿಸಿದರೆ ಸಾಕು. ಕೇಂದ್ರದ ಬಾಗಿಲಲ್ಲಿ ಕತ್ತರಿಗೆ ತೋಳೊಡ್ಡುವುದಕ್ಕಿಂತ ಇದು ಮೇಲು. ಕಾಲಿಗೆ ತೆಳು ಅಟ್ಟೆಯ ಚಪ್ಪಲಿ. ನಮ್ಮ ಘಟ್ಟದ ಕಡೆ ಮಳೆಗಾಲವಾದರೆ ಚರ್ಮದ್ದು ಬೇಡ, ನೆನೆದರೆ ಪರೀಕ್ಷೆ ಮುಗಿಯುವವರೆಗೂ ಒದ್ದೆ ಕಾಲು. ಘಟ್ಟದ ಚಳಿಗೆ ಸ್ವೆಟರ್, ಮಫ್ಲರ್ ಬಸ್ಸಿಗಷ್ಟೇ. ಒಳಗೆ ಬಿಡುವುದಿಲ್ಲ, ಚೀಲ ಕಾಯಲು ಜೊತೆಗೊಬ್ಬರಿದ್ದರೆ ಅನುಕೂಲ. ಹಿಂದಿನ ರಾತ್ರಿ ಎಲ್ಲವನ್ನೂ ತೊಟ್ಟು ಅರ್ಧ ಗಂಟೆ ಕೂತು ಬರೆದು ನೋಡಿ. ಸೊಂಟ ಬಿಗಿಯುವ ಪ್ಯಾಂಟು ಯಾವುದೆಂದು ಆಗಲೇ ತಿಳಿಯುತ್ತದೆ.

ಕೆಲವರ ನಕಲಿಗೆ ಎಲ್ಲರ ಮೈ ತಡಕುವುದು ನ್ಯಾಯವೇ ಎಂಬ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಪಿಎಸ್ಐ ಪರೀಕ್ಷೆಯಲ್ಲಿ ಒಎಂಆರ್ ಹಾಳೆ ತಿದ್ದಿದಂಥ ಅಕ್ರಮವನ್ನು ಯಾವ ಅಂಗಿಯೂ ತಡೆಯದು. ತಪಾಸಣೆ ಅತಿರೇಕಕ್ಕೆ ಹೋದದ್ದೂ ಉಂಟು. 2025ರ ಏಪ್ರಿಲ್‌ನಲ್ಲಿ ಸಿಇಟಿ ವೇಳೆ ಬೀದರ್, ಶಿವಮೊಗ್ಗದಲ್ಲಿ ಜನಿವಾರ ತೆಗೆಯಲು ಹೇಳಿದ್ದು ವಿವಾದವಾಗಿ ಸಿಬ್ಬಂದಿಯ ಮೇಲೆ ಕ್ರಮವಾಯಿತು. ಆದರೆ ಆ ವಾದವನ್ನು ಗೇಟಿನಲ್ಲಿ ಹೂಡಿದರೆ ಗಡಿಯಾರ ಅಭ್ಯರ್ಥಿಯ ಪರ ನಿಲ್ಲುವುದಿಲ್ಲ. ನಂಬಿಕೆಯ ಗುರುತು ಧರಿಸುವವರು ಪ್ರಾಧಿಕಾರದ ಸಹಾಯವಾಣಿಗೆ ಮೊದಲೇ ಕರೆ ಮಾಡಿ ವಿಚಾರಿಸಲಿ. ತಪಾಸಣೆಗೆ ಸಮಯ ಸಿಗುವಂತೆ ಬೇಗ ತಲುಪಲಿ. ಅನ್ಯಾಯವಾದರೆ ಉತ್ತರ ಪತ್ರಿಕೆ ಒಪ್ಪಿಸಿದ ಮೇಲೆ ಲಿಖಿತ ದೂರು ಕೊಡಲಿ. ಬೂಟು, ತುಂಬು ತೋಳು ಸಂದರ್ಶನದ ದಿನಕ್ಕಿರಲಿ.