ಅಂಗಳದಲ್ಲಿ ಒಂದು ಕಮಾನಿನ ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವಿದ್ಯಾರ್ಥಿಗಳಿಗೂ ಪಾಲಕರಿಗೂ ಉಪಯುಕ್ತವಾಗುವ ವಿಜ್ಞಾನ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದಾಗ, ನನ್ನ ಕೈಗೆ ಪರಿಚಯವಿರುವ ವಿಷಯವನ್ನೇ ಆರಿಸಿಕೊಂಡೆನು. ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಜತ್ತ ತಾಲ್ಲೂಕಿನ ಒಬ್ಬ ದಾಳಿಂಬೆ ಬೆಳೆಗಾರ. ಹಣ್ಣನ್ನು ಸಾಂಗೋಲಾ, ಸೋಲಾಪುರಗಳ ಪೇಟೆಗೆ ಒಯ್ಯುವ ನಮ್ಮ ಪಿಕಪ್ ಗಾಡಿಯ ಹಿಂಬದಿಯ ಕಮಾನುಗಳನ್ನು ಮೂವರು ಗೆಳೆಯರ ನೆರವಿನಿಂದ ಮನೆಯ ಅಂಗಳದಲ್ಲಿಯೇ ಬದಲಿಸಿದೆವು. ಆ ಕೆಲಸದಲ್ಲಿ ಅಡಗಿರುವ ವಿಜ್ಞಾನವನ್ನೂ, ನಮ್ಮ ಕಡೆ ಬೇರೂರಿರುವ ಒಂದು ಅಪಾಯಕರ ನಂಬಿಕೆಯನ್ನೂ ಇಲ್ಲಿ ವಿವರಿಸುತ್ತೇನೆ. “ಪಾಟಾ ಹೆಚ್ಚಿಸಿದರೆ ಮಾಲು ಹೆಚ್ಚು ಹೇರಬಹುದು” ಎಂಬುದೇ ಆ ನಂಬಿಕೆ.

ಕಮಾನಿನ ಗುಣ

ಮರಾಠಿಯಲ್ಲಿ ಪಾಟಾ ಎಂದರೂ ಕನ್ನಡದಲ್ಲಿ ಕಮಾನು ಪಟ್ಟಿ ಎಂದರೂ ವಸ್ತು ಒಂದೇ. ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಅದು. ಇಂಗ್ಲೆಂಡಿನ ಒಬಡಯಾ ಎಲಿಯಟ್ ಎಂಬಾತನು ಕುದುರೆಗಾಡಿಗೆ ಇಂಥ ಕಮಾನುಗಳನ್ನು ಅಳವಡಿಸುವ ವಿಧಾನಕ್ಕೆ 1804ರಲ್ಲಿ ಪೇಟೆಂಟು ಪಡೆದನು. ವಿಜಯಪುರದ ಟಾಂಗಾದ ಕೆಳಗೆ ಬಗ್ಗಿ ನೋಡಿದವರಿಗೆ ಅದೇ ವಂಶದ ಕಮಾನು ಕಾಣಿಸುತ್ತದೆ.

ಸ್ಥಿತಿಸ್ಥಾಪಕತ್ವದ ಪಾಠದಲ್ಲಿ ನಾವೆಲ್ಲರೂ ಹೂಕನ ನಿಯಮವನ್ನು ಓದಿದ್ದೇವೆ. ರಾಬರ್ಟ್ ಹೂಕನು 1678ರಲ್ಲಿ ವಿವರಿಸಿದ ಈ ನಿಯಮದ ಸಾರ ಇಷ್ಟೇ: ಮಿತಿಯೊಳಗೆ, ಭಾರ ಎಷ್ಟು ಪಟ್ಟು ಹೆಚ್ಚುವುದೋ ಬಾಗುವಿಕೆಯೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಪಟ್ಟಿಯ ಕಮಾನಿಗೆ ಇದನ್ನು ಅನ್ವಯಿಸಿದಾಗ ನಾಲ್ಕು ಅಳತೆಗಳು ಮುಖ್ಯವಾಗುತ್ತವೆ. ಪಟ್ಟಿಗಳ ಸಂಖ್ಯೆ ಮತ್ತು ಅಗಲ ಹೆಚ್ಚಿದಂತೆ ಬಿಗುವು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ದಪ್ಪ ಹೆಚ್ಚಿದರೆ ಬಿಗುವು ಅದರ ಘನದ ಪ್ರಮಾಣದಲ್ಲಿ ಹೆಚ್ಚುತ್ತದೆ. ಉದ್ದ ಹೆಚ್ಚಿದರೆ ಘನದ ಪ್ರಮಾಣದಲ್ಲಿಯೇ ಕುಗ್ಗುತ್ತದೆ.

ಐದು ಪಟ್ಟಿಗಳ ಕಟ್ಟಿಗೆ ಅಂಥದೇ ಆರನೆಯದನ್ನು ಸೇರಿಸಿದರೆ ಬಿಗುವು ಸುಮಾರು ಶೇಕಡಾ 20ರಷ್ಟು ಹೆಚ್ಚುತ್ತದೆ. ಒಂದು ಭಾರಕ್ಕೆ 12 ಸೆಂಟಿಮೀಟರು ತಗ್ಗುತ್ತಿದ್ದ ಗಾಡಿ ಈಗ 10 ಸೆಂಟಿಮೀಟರು ತಗ್ಗುತ್ತದೆ. ಆದರೆ 8 ಮಿಲಿಮೀಟರು ದಪ್ಪದ ಪಟ್ಟಿಗಳ ಬದಲು 10 ಮಿಲಿಮೀಟರಿನವನ್ನು ಹಾಕಿದರೆ ಬಿಗುವು ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಎರಡು ಮಿಲಿಮೀಟರಿನಲ್ಲಿ ಏನಿದೆ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ವರ್ಷಗಟ್ಟಲೆ ದುಡಿದ ಕಮಾನು ತನ್ನ ಬಾಗನ್ನು ಕಳೆದುಕೊಂಡು ಚಪ್ಪಟೆಯಾಗುತ್ತದೆ. ಗಾಡಿ ತಗ್ಗಿ ನಿಲ್ಲುತ್ತದೆ. ಆದರೆ ಉಕ್ಕಿನ ಬಿಗುವು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಆದುದರಿಂದ ತಗ್ಗಿದ ಗಾಡಿಗೆ ಮೊದಲ ಮದ್ದು ಅದೇ ಅಳತೆಯ ಹೊಸ ಕಟ್ಟು. ಹೆಚ್ಚುವರಿ ಪಟ್ಟಿ ಆನಂತರದ ವಿಚಾರ.

ಬಿಗಿ ಕಮಾನಿನ ಇನ್ನೊಂದು ಮುಖ

ಬಿಗುವು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಕಮಾನಿನ ಮೇಲೆ ಗಾಡಿ ಕುಣಿಯುವ ವೇಗವನ್ನು ಸರಳ ಲೋಲಕದ ಸಹಾಯದಿಂದ ತಿಳಿಯಬಹುದು. ಭಾರಕ್ಕೆ ಕಮಾನು ಎಷ್ಟು ತಗ್ಗಿದೆಯೋ ಅಷ್ಟು ಉದ್ದದ ಲೋಲಕವನ್ನು ಕಲ್ಪಿಸಿಕೊಳ್ಳಿರಿ. ಗಾಡಿಯ ಕುಣಿತದ ಅವಧಿಯೂ ಆ ಲೋಲಕದ ಅವಧಿಯೂ ಒಂದೇ. 25 ಸೆಂಟಿಮೀಟರಿಗೆ ಸೆಕೆಂಡಿಗೆ ಒಂದು ಆಂದೋಲನ; 4 ಸೆಂಟಿಮೀಟರಿಗೆ ಸೆಕೆಂಡಿಗೆ ಎರಡೂವರೆ. ಬಿಗಿ ಕಮಾನಿನ ಗಾಡಿ ಅರ್ಧ ಭಾರದಲ್ಲಿ ಸ್ವಲ್ಪವೇ ತಗ್ಗಿ, ಹಳ್ಳಿಯ ರಸ್ತೆಯಲ್ಲಿ ಚಟಪಟನೆ ಎಗರುತ್ತದೆ. ಕ್ರೇಟಿನೊಳಗಿನ ದಾಳಿಂಬೆ ಒಂದಕ್ಕೊಂದು ಬಡಿದು ಜಜ್ಜಿಹೋಗುತ್ತದೆ. ಪೇಟೆಯಲ್ಲಿ ಕಲೆ ಬಿದ್ದ ಹಣ್ಣಿಗೆ ಬೆಲೆಯೆಲ್ಲಿಯದು?

ಇದೇ ಕಾರಣದಿಂದ ನಾವು ಮೂಲ ಅಳತೆಯ ಹೊಸ ಕಟ್ಟುಗಳನ್ನೂ, ಗಾಡಿಯ ತಯಾರಕರೇ ಆ ಮಾದರಿಗೆಂದು ಬಿಡಿಭಾಗಗಳ ಪುಸ್ತಕದಲ್ಲಿ ಸೂಚಿಸಿರುವ ಸಹಾಯಕ ಪಟ್ಟಿಯನ್ನೂ ಆರಿಸಿದೆವು. ಸಹಾಯಕ ಪಟ್ಟಿಯು ಹಗುರ ಭಾರದಲ್ಲಿ ಸುಮ್ಮನಿದ್ದು, ಗಾಡಿ ಒಂದು ಮಟ್ಟಕ್ಕಿಂತ ತಗ್ಗಿದಾಗ ಮಾತ್ರ ಹೆಗಲು ಕೊಡುತ್ತದೆ. ಜೊತೆಗೆ ಹಳೆಯ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಿದೆವು. ಕಮಾನು ಭಾರ ಹೊರುತ್ತದೆ, ಕುಣಿತವನ್ನು ಅಡಗಿಸುವುದು ಅವುಗಳ ಕೆಲಸ.

ಅಂಗಳದ ಕೆಲಸ

ನಾಲ್ವರಲ್ಲಿ ಒಬ್ಬನು ಮೋಟಾರು ಗ್ಯಾರೇಜಿನಲ್ಲಿ ನುರಿತವನು, ಮುಖಂಡತ್ವ ಅವನದು. ಒಬ್ಬನು ಬಡಗಿ; ಗಾಲಿಗಳಿಗೆ ಕೊಡುವ ಮರದ ಬೆಣೆಗಳನ್ನು ಮಾಡಿ ತಂದನು. ಮೂರನೆಯವನು ಶಿಕ್ಷಕ, ಕಳಚಿದ ಪ್ರತಿಯೊಂದು ಬೋಲ್ಟಿನ ಸ್ಥಾನವನ್ನು ಬರೆದಿಟ್ಟುದಲ್ಲದೆ, ಜಾಕಿಯ ಮೇಲೆ ಕಣ್ಣಿಡುವ ಹೊಣೆಯನ್ನೂ ಹೊತ್ತನು. ಅವನು ಕೈಯೆತ್ತಿದರೆ ಎಲ್ಲರೂ ಹೊರಬರಬೇಕೆಂಬುದು ನಮ್ಮ ಕಟ್ಟುನಿಟ್ಟು.

ಹಿಂದಿನ ದಿನವೇ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟಿದ್ದೆವು. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಎರಡೂ ಕಡೆ ಬೆಣೆ ಕೊಟ್ಟು, ಚಾಸಿಯನ್ನು ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಇಳಿಸಿದೆವು. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಕೇವಲ ಜಾಕಿಯನ್ನಾಗಲಿ, ಇಟ್ಟಿಗೆ ಕಲ್ಲುಗಳ ರಾಶಿಯನ್ನಾಗಲಿ ನಂಬಿ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನೇ ಇಡಿರಿ.

ಎರಡನೆಯ ಜಾಕಿಯನ್ನು ಆಕ್ಸಲಿನ ಕೆಳಗೆ ಆನಿಸಿ, ಒಂದು ಬದಿ ಪೂರ್ತಿಯಾದ ಮೇಲೆಯೇ ಇನ್ನೊಂದು ಬದಿಗೆ ಕೈಹಾಕಿದೆವು. ಇದರಿಂದ ಆಕ್ಸಲು ಸ್ಥಾನ ತಪ್ಪುವುದಿಲ್ಲ. ಆಕ್ಸಲನ್ನು ಇಳಿಸುವಾಗ ಬ್ರೇಕಿನ ರಬ್ಬರು ನಳಿಗೆ ಜಗ್ಗದಂತೆ ನೋಡಿಕೊಂಡೆವು. ಹೊಸ ಕಟ್ಟಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಮೇಲಣ ರಂಧ್ರದಲ್ಲಿ ಸರಿಯಾಗಿ ಕೂಡಬೇಕು. ಆದರೆ ಕಟ್ಟನ್ನು ಬಿಗಿಹಿಡಿಯುವುದು ಯು ಬೋಲ್ಟುಗಳೇ. ಒಮ್ಮೆ ಬಿಗಿದು ಎಳೆತಕ್ಕೆ ಸಿಕ್ಕ ಯು ಬೋಲ್ಟನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಬೇಕು. ನಾಲ್ಕು ನಟ್ಟುಗಳನ್ನು ಓರೆಯಾಗಿ ಸರದಿಯಂತೆ, ತಯಾರಕರು ಹೇಳಿದ ಬಿಗುವಿಗೆ ಟಾರ್ಕ್ ಪಾನಾದಿಂದ ಬಿಗಿಯಬೇಕು. ರಬ್ಬರ್ ಬುಷ್ ಇರುವ ಕಣ್ಣಿನ ಬೋಲ್ಟುಗಳನ್ನು ಗಾಡಿಯ ಭಾರ ಗಾಲಿಗಳ ಮೇಲೆ ಬಂದ ಅನಂತರವೇ ಪೂರ್ತಿ ಬಿಗಿಯಬೇಕು; ಇಲ್ಲವಾದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹೇರು ಹೊತ್ತ ಮೊದಲ ಪ್ರಯಾಣದ ಬಳಿಕ ಯು ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ ಬಿಗಿದೆವು. ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸುವ ರೂಢಿ ಕೆಲವೆಡೆ ಇದೆ. ಆ ಕಾವಿಗೆ ಉಕ್ಕಿನ ಹದ ಕೆಟ್ಟು ಪಟ್ಟಿ ಅಲ್ಲಿಯೇ ಮತ್ತೆ ಮುರಿಯುತ್ತದೆ.

ಭಾರದ ಸರಪಳಿ

ಈಗ ಮೊದಲ ನಂಬಿಕೆಗೆ ಬರೋಣ. ಹೇರಿದ ಭಾರವು ಕಮಾನಿನಲ್ಲಿ ಕರಗಿಹೋಗುವುದಿಲ್ಲ. ಚಾಸಿಯಿಂದ ಕಮಾನಿಗೆ, ಕಮಾನಿನಿಂದ ಆಕ್ಸಲಿಗೆ, ಅಲ್ಲಿಂದ ಬೇರಿಂಗಿಗೆ, ಗಾಲಿಗೆ, ಟೈರಿಗೆ, ಕೊನೆಗೆ ನೆಲಕ್ಕೆ ಇಳಿಯುತ್ತದೆ. ಸರಪಳಿಯ ಒಂದು ಕೊಂಡಿಯನ್ನು ಬಲಪಡಿಸಿದ ಮಾತ್ರಕ್ಕೆ ಉಳಿದವು ಬಲಗೊಳ್ಳುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರಸೂಚಿ ಪಾಟಾ ಹೆಚ್ಚಿಸಿದರೆ ಬದಲಾಗುವುದಿಲ್ಲ. ಶೇಕಡಾ 20ರಷ್ಟು ಹೆಚ್ಚು ತೂಗುವ ಗಾಡಿಯನ್ನು ಅದೇ ವೇಗದಿಂದ ನಿಲ್ಲಿಸಲು ಬ್ರೇಕುಗಳು ಶೇಕಡಾ 20ರಷ್ಟು ಹೆಚ್ಚು ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಬೇಕು.

ಬ್ರೇಕಿನ ವಿಷಯದಲ್ಲಿ ಇನ್ನೊಂದು ಗುಪ್ತ ಅಪಾಯವುಂಟು. ಅನೇಕ ಪಿಕಪ್ ಗಾಡಿಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲಿಗೂ ನಡುವೆ ಸರಳೊಂದರಿಂದ ಜೋಡಿಸಿದ ಭಾರಗ್ರಾಹಿ ಕವಾಟವಿರುತ್ತದೆ. ಗಾಡಿ ಎಷ್ಟು ತಗ್ಗಿದೆ ಎಂಬುದರಿಂದ ಅದು ಭಾರವನ್ನು ಅಳೆದು, ಹಿಂದಿನ ಬ್ರೇಕಿಗೆ ತಕ್ಕ ಒತ್ತಡವನ್ನು ಬಿಡುತ್ತದೆ. ಬಿಗಿ ಕಮಾನು ಹಾಕಿದಾಗ ತುಂಬಿದ ಗಾಡಿಯೂ ತಗ್ಗುವುದಿಲ್ಲ. ಕವಾಟವು ಗಾಡಿ ಖಾಲಿಯೆಂದು ಭ್ರಮಿಸಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಭಾರ ಹೆಚ್ಚಿದಾಗಲೇ ಬ್ರೇಕು ಕುಗ್ಗುವ ವಿಪರೀತ ಇದು. ಆದುದರಿಂದ ಕಮಾನು ಬದಲಿಸಿದ ಮೇಲೆ ಈ ಕವಾಟವನ್ನು ಬಲ್ಲವರಿಂದ ಹೊಂದಿಸಿಕೊಳ್ಳಲೇಬೇಕು. ನಾವು ಅದನ್ನು ಅಂಗಳದಲ್ಲಿ ಮಾಡದೆ ಯಂತ್ರಸಾಧನವಿರುವ ಕಾರ್ಯಾಗಾರದಲ್ಲಿ ಮಾಡಿಸಿದೆವು. ಹೆಡ್‌ಲೈಟಿನ ನೇರವನ್ನೂ ಅಲ್ಲಿಯೇ ಸರಿಪಡಿಸಿದರು.

ಕಾನೂನಿಗೂ ಇದೇ ವಿವೇಕವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಹೇರಿಗೆ 20,000 ರೂಪಾಯಿ ದಂಡ, ಮೇಲಾಗಿ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ನೋಂದಣಿ ಪತ್ರದಲ್ಲಿ ಬರೆದ ತೂಕವೇ ಗಾಡಿಯ ತೂಕ.

ರಸ್ತೆಯೂ ಈ ಸರಪಳಿಯ ಕೊನೆಯ ಕೊಂಡಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ, ರಸ್ತೆಗಾಗುವ ಹಾನಿಯು ಆಕ್ಸಲಿನ ಭಾರದ ಸರಿಸುಮಾರು ನಾಲ್ಕನೆಯ ಘಾತದಂತೆ ಏರುವುದೆಂದು ತಿಳಿದುಬಂದಿತು. ಭಾರ ಶೇಕಡಾ 20ರಷ್ಟು ಹೆಚ್ಚಿದರೆ ಹಾನಿ ಇಮ್ಮಡಿ! ನಮ್ಮ ಊರ ರಸ್ತೆ ಕೆಟ್ಟಿತೆಂದು ಪಾಟಾ ಹೆಚ್ಚಿಸಿ, ಹೆಚ್ಚಿಸಿದ ಪಾಟಾವನ್ನು ನಂಬಿ ಹೆಚ್ಚು ಹೇರಿ, ಅದರಿಂದ ರಸ್ತೆಯನ್ನು ಇನ್ನಷ್ಟು ಕೆಡಿಸುವ ಚಕ್ರದಲ್ಲಿ ನಾವೇ ಸಿಲುಕಿದ್ದೇವೆ.

ಒಳ್ಳೆಯ ಕಮಾನು ಹೊರಬೇಕಾದ ಭಾರವನ್ನು ಚೆನ್ನಾಗಿ ಹೊರಲು ಇದೆ; ಹೊರಬಾರದ್ದನ್ನು ಹೊರಲು ಅಲ್ಲ. ಕನ್ನಡದಲ್ಲಿ ಕಲಿತ ಹೂಕನ ನಿಯಮ ಮರಾಠಿ ನೆಲದ ಅಂಗಳದಲ್ಲಿ, ಗ್ರೀಸು ಮೆತ್ತಿದ ಕೈಗಳಿಗೆ ದಾರಿ ತೋರಿಸಬಲ್ಲದು. ಈ ಶಾಲೆಯ ಮಕ್ಕಳು ಪುಸ್ತಕದ ಲೆಕ್ಕವನ್ನು ಮನೆಯ ಗಾಡಿಗೆ ಹಚ್ಚಿ ನೋಡಲೆಂದು ಹಾರೈಸುತ್ತೇನೆ.

ಅಭ್ಯಾಸ

1. ನಾಲ್ಕು ಸಮಾನ ಪಟ್ಟಿಗಳ ಕಮಾನು ಒಂದು ಭಾರಕ್ಕೆ 15 ಸೆಂಟಿಮೀಟರು ತಗ್ಗುತ್ತದೆ. ಐದನೆಯ ಪಟ್ಟಿ ಸೇರಿಸಿದರೆ ಎಷ್ಟು ತಗ್ಗುವುದು?
2. ಪಟ್ಟಿಗಳ ದಪ್ಪವನ್ನು 6 ಮಿಲಿಮೀಟರಿನಿಂದ 9 ಮಿಲಿಮೀಟರಿಗೆ ಏರಿಸಿದರೆ ಬಿಗುವು ಎಷ್ಟು ಪಟ್ಟಾಗುವುದು?
3. ಆಕ್ಸಲಿನ ಭಾರ ಶೇಕಡಾ 10ರಷ್ಟು ಹೆಚ್ಚಿದರೆ ರಸ್ತೆಯ ಹಾನಿ ಎಷ್ಟು ಪಟ್ಟಾಗುವುದು?

(ಉತ್ತರಗಳು: 12 ಸೆಂಟಿಮೀಟರು, 3.375 ಪಟ್ಟು, ಸುಮಾರು 1.46 ಪಟ್ಟು.)