ಹೂಳಿನ ಲೆಕ್ಕ ಕೇಳುವವರು

ದೆಹಲಿ ಮಹಾನಗರ ಪಾಲಿಕೆಯ ಸದಸ್ಯರಿಗೆ ಸಂಬಳವಿಲ್ಲ. ಸಭೆಯೊಂದಕ್ಕೆ ಬಹುಕಾಲ ಇದ್ದದ್ದು 300 ರೂಪಾಯಿ ಭತ್ಯೆ, ಅಷ್ಟೇ. ಹಾಗಿದ್ದರೂ ಬೆಳಿಗ್ಗೆ ಏಳಕ್ಕೆಲ್ಲ ಅವರ ಮನೆಮುಂದೆ ಜನ ನಿಂತಿರುತ್ತಾರೆ. ಬೀದಿದೀಪ, ಬಾರದ ಕಸದ ಗಾಡಿ, ಕಟ್ಟಿಕೊಂಡ ಮೋರಿ, ಜನನ ಪ್ರಮಾಣಪತ್ರ, ಪಾರ್ಕಿನಲ್ಲಿ ಮುರಿದ ಜೋಕಾಲಿ. ಸದಸ್ಯರು ಫೋನ್ ಎತ್ತಿ ಜೂನಿಯರ್ ಎಂಜಿನಿಯರನ್ನು ಹಿಡಿಯುತ್ತಾರೆ, ಸಂಜೆಯೊಳಗೆ ಇಬ್ಬರು ಬೇಲ್ದಾರರು, ಅಂದರೆ ಪಾಲಿಕೆಯ ಕೂಲಿಯಾಳುಗಳು, ಬಂದು ಮೋರಿ ಕೆದಕಿ ಹೋಗುತ್ತಾರೆ. ಬಂದವರು ಸಲಾಂ ಹೊಡೆದು ಮನೆಗೆ ಹೋಗುತ್ತಾರೆ. ಹೋದ ವರ್ಷ ಇದೇ ಮೋರಿಯ ಹೂಳೆತ್ತಲು ಪಾವತಿಯಾದ ಬಿಲ್ ಏನಾಯಿತು ಎಂದು ಆ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ.

ಅಕೌಂಟೆಂಟ್ ಜನರಲ್ (ಎ.ಜಿ.) ಆಫೀಸಿನಲ್ಲಿ ಬೇರೆಯವರ ಲೆಕ್ಕ ನೋಡುತ್ತಲೇ ನಿವೃತ್ತನಾದ ನನಗೆ ಮಾತ್ರ ಮೊದಲು ತಲೆಗೆ ಬರುವುದು ಆ ಬಿಲ್ಲೇ. ಯಮುನೆಯ ಪೂರ್ವದ ಒಂದು ಬಡಾವಣೆಯಲ್ಲಿ ನಿವಾಸಿಗಳ ಸಂಘದ ಕಾಗದಪತ್ರ ನೋಡಿಕೊಳ್ಳಲು ಒಪ್ಪಿಕೊಂಡ ಮೇಲೆ, ನಾನು ವಾರ್ಡಿನ ಸದಸ್ಯೆಗೆ ಪ್ರಶ್ನೆಗಳನ್ನು ಬರೆದುಕೊಡತೊಡಗಿದೆ. ಆಕೆ ಚುರುಕು, ಮಾತುಗಾರ್ತಿ, ಕಡತ ಕಂಡರೆ ಬೇಸರಪಡುವವರು. ನಾನೋ ಕಡತ ಬಿಟ್ಟರೆ ಬೇರೇನೂ ಅರಿಯದವನು. ಆ ಜೊತೆಗಾರಿಕೆಯಲ್ಲಿ ಕಲಿತದ್ದು, ಈ ಊರಿನ ಪಾಲಿಕೆಯ ಚರಿತ್ರೆಯಲ್ಲಿ ಕಂಡದ್ದು, ಎರಡೂ ಇಲ್ಲಿವೆ.

ಮೊದಲು ತಿಳಿಯಬೇಕಾದದ್ದು ಸದಸ್ಯರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು. 1957ರ ಕಾಯ್ದೆಯಂತೆ 1958ರ ಏಪ್ರಿಲ್ 7ರಂದು ಹುಟ್ಟಿದ ಪಾಲಿಕೆ ಇದು. ಮೊದಲ ಮೇಯರ್ ಸ್ವಾತಂತ್ರ್ಯ ಹೋರಾಟಗಾರ್ತಿ ಅರುಣಾ ಅಸಫ್ ಅಲಿ. ಆಗ ಸಭೆ ಸೇರುತ್ತಿದ್ದದ್ದು ಚಾಂದನಿ ಚೌಕದ ಟೌನ್ ಹಾಲಿನಲ್ಲಿ. ಈಗ ಮಿಂಟೋ ರಸ್ತೆಯ 28 ಮಹಡಿಗಳ ಸಿವಿಕ್ ಸೆಂಟರ್. ಕಟ್ಟಡ ಬದಲಾದರೂ ಏರ್ಪಾಡು ಬದಲಾಗಿಲ್ಲ: ಜನ ಆರಿಸಿದವರು ಒಂದು ಕಡೆ, ಕೇಂದ್ರ ಸರ್ಕಾರ ಕಳಿಸಿದ ಆಯುಕ್ತರು ಇನ್ನೊಂದು ಕಡೆ. ಎಂಜಿನಿಯರು, ಆರೋಗ್ಯಾಧಿಕಾರಿ, ಸಫಾಯಿ ಕರ್ಮಚಾರಿ ಎಲ್ಲರೂ ಆಯುಕ್ತರ ಅಧೀನ. ಸದಸ್ಯರು ಯಾರನ್ನೂ ವರ್ಗ ಮಾಡುವಂತಿಲ್ಲ, ಯಾರ ಸಂಬಳವನ್ನೂ ತಡೆಯುವಂತಿಲ್ಲ. ಅವರಿಗಿರುವುದು ಮೂರು ಹಿಡಿಗಳು: ಆಯುಕ್ತರಿಗೆ ಲಿಖಿತ ಪ್ರಶ್ನೆ, ಸಮಿತಿಯಲ್ಲಿ ಕೂತು ಪ್ರಸ್ತಾವವನ್ನು ತಡೆದು ನೋಡುವ ಅಧಿಕಾರ, ಪಾಲಿಕೆಯ ಮುಖ್ಯ ಲೆಕ್ಕ ಪರಿಶೋಧಕರು ಹಣಕಾಸು ನೋಡುವ ಸ್ಥಾಯಿ ಸಮಿತಿಗೆ ಕೊಡುವ ವರದಿ.

ಇನ್ನು ಆ ಮೋರಿ ಯಾರದು? ದೆಹಲಿಯಲ್ಲಿ ಇದು ತಮಾಷೆಯ ಮಾತಲ್ಲ. ಪಾಲಿಕೆಯನ್ನು ಮೂರು ಹೋಳು ಮಾಡಿದ 2012ರಲ್ಲಿ 60 ಅಡಿಗಿಂತ ಅಗಲದ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಹೋದವು. ಅವುಗಳ ಪಕ್ಕದ ಚರಂಡಿಗಳೂ ಜೊತೆಗೆ ಹೋದವು. ಒಳಚರಂಡಿ ಜಲಮಂಡಳಿಯದು, ದೊಡ್ಡ ನಾಲೆ ನೀರಾವರಿ ಮತ್ತು ಪ್ರವಾಹ ನಿಯಂತ್ರಣ ಇಲಾಖೆಯದು, ಜಾಗ ಎಷ್ಟೋ ಕಡೆ ದೆಹಲಿ ಅಭಿವೃದ್ಧಿ ಪ್ರಾಧಿಕಾರದ್ದು (ಡಿ.ಡಿ.ಎ.). ಸಣ್ಣ ಓಣಿಯ ಮೋರಿ ಪಾಲಿಕೆಯದು. ನೀರಿಗೆ ಈ ಗಡಿಗಳ ಪರಿವೆಯಿಲ್ಲ, ಪತ್ರಗಳಿಗೆ ಇದೆ. ತಪ್ಪು ವಿಳಾಸಕ್ಕೆ ಹೋದ ಪತ್ರಕ್ಕೆ "ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ" ಎಂಬ ಉತ್ತರ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಹಾಗಾಗಿ ಆ ಸದಸ್ಯೆಯೂ ನಾನೂ ಮೊದಲು ಮಾಡಿದ ಕೆಲಸ ವಾರ್ಡಿನ ನಕ್ಷೆ ಹರಡಿಕೊಂಡು ಯಾವ ಚರಂಡಿ ಯಾರ ಪಾಲಿನದು ಎಂದು ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿದ್ದು. ಜಗಳಕ್ಕೆ ಬಂದ ಅಧಿಕಾರಿಗಳು ಕೂಡ ಕೊನೆಗೆ ಆ ನಕ್ಷೆಯ ಪ್ರತಿ ಕೇಳಿ ತೆಗೆದುಕೊಂಡು ಹೋದರು.

ಪ್ರಶ್ನೆ ಕೇಳುವುದಕ್ಕೂ ಒಂದು ಪಳಗಿದ ಕೈ ಬೇಕು. "ಚರಂಡಿಗಳನ್ನು ಸ್ವಚ್ಛಗೊಳಿಸಲಾಗಿದೆಯೇ?" ಎಂದರೆ "ಹೌದು, ನಿಯಮಿತವಾಗಿ" ಎಂದು ಉತ್ತರ ಬರುತ್ತದೆ. ಅದನ್ನೇ ಬಿಡಿಸಿ ಕೇಳಬೇಕು: ಇಂಥ ಮನೆಯಿಂದ ಇಂಥ ಮನೆಯವರೆಗಿನ ಚರಂಡಿಯ ಉದ್ದವೆಷ್ಟು, ಯಾವ ತಾರೀಖಿನಲ್ಲಿ ಹೂಳು ತೆಗೆದಿರಿ, ಅಳತೆ ಪುಸ್ತಕದಲ್ಲಿ ನಮೂದಿಸಿದವರ ಹುದ್ದೆ ಯಾವುದು, ಎಷ್ಟು ಲೋಡು ಹೊರಟಿತು, ಯಾವ ಜಾಗದಲ್ಲಿ ಸುರಿದಿರಿ, ತೂಕದ ಚೀಟಿ ಎಲ್ಲಿದೆ? ಹೀಗೆ ಕೇಳಿದಾಗ ಉತ್ತರ ಬರೆಯುವವನು ಕುರ್ಚಿ ಬಿಟ್ಟು ಎದ್ದು ಕಡತ ತೆಗೆಯಲೇಬೇಕು. ಎಷ್ಟೋ ಬಾರಿ ಉತ್ತರಕ್ಕಿಂತ ಮೊದಲೇ ಹೂಳು ತೆಗೆಯುವವರು ಬಂದಿಳಿಯುತ್ತಾರೆ.

ದೆಹಲಿಗೆ ಈ ಪಾಠ ಹೊಸದಲ್ಲ. ನಮ್ಮ ಬಡಾವಣೆಯಿಂದ ಹೆಚ್ಚು ದೂರವಿಲ್ಲದ ಸುಂದರ್ ನಗ್ರಿ ಮತ್ತು ಸೀಮಾಪುರಿಯಲ್ಲಿ 2002ರ ಡಿಸೆಂಬರ್ 14ರಂದು ಒಂದು ಜನಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಯಿತು. ದೆಹಲಿಯ 2001ರ ಮಾಹಿತಿ ಹಕ್ಕು ಕಾಯ್ದೆ ಬಳಸಿ 'ಪರಿವರ್ತನ್' ಎಂಬ ಸಂಘಟನೆ ಪಾಲಿಕೆಯ 68 ಕಾಮಗಾರಿಗಳ ಗುತ್ತಿಗೆ ಕರಾರುಗಳನ್ನು ಪಡೆದಿತ್ತು. ಅದರ ಮುಂದಾಳು ಆಗಿನ್ನೂ ರಾಜಕೀಯಕ್ಕೆ ಬಾರದಿದ್ದ ಅರವಿಂದ ಕೇಜ್ರಿವಾಲ್. ಕರಾರುಗಳನ್ನು ಬೀದಿಬೀದಿಯಲ್ಲಿ ಗಟ್ಟಿಯಾಗಿ ಓದಿ, ಬರೆದ ಸಾಮಾನು ನೆಲದ ಮೇಲಿದೆಯೇ ಎಂದು ಜನರೇ ನೋಡಿದರು. ಸುಮಾರು 1.3 ಕೋಟಿ ರೂಪಾಯಿಯ ಕಾಮಗಾರಿಗಳಲ್ಲಿ 70 ಲಕ್ಷದ ಸಾಮಾನು ಎಲ್ಲೂ ಇರಲಿಲ್ಲ. ಮೋರಿಗಳ ಮೇಲೆ 253 ಕಬ್ಬಿಣದ ಜಾಲರಿ ಹಾಕಿದ್ದಾಗಿ ದುಡ್ಡು ಪಾವತಿಯಾಗಿತ್ತು, ಸಿಕ್ಕದ್ದು 30. ಜಾಲರಿ ಎಣಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಆದರೆ 253 ಎಂಬ ಅಂಕಿ ಕೈಗೆ ಬರುವ ತನಕ ಎಣಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆ ಅಂಕಿಯನ್ನು ಹೊರತರುವ ಅಧಿಕಾರ ಪ್ರತಿಯೊಬ್ಬ ಪಾಲಿಕೆ ಸದಸ್ಯರಿಗೂ ಕಾಯ್ದೆಯಲ್ಲೇ ಇತ್ತು.

ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಏನಾಗುತ್ತದೆಂದು 2009ರಲ್ಲಿ ಇಡೀ ಊರೇ ನೋಡಿತು. ಬೆರಳಚ್ಚಿನ ಹಾಜರಿ ಬಂದ ಮೇಲೆ ಪಾಲಿಕೆಯ ದಾಖಲೆಯಲ್ಲಿದ್ದ ನೌಕರರು 1,27,094, ಲೆಕ್ಕಕ್ಕೆ ಸಿಕ್ಕವರು 1,04,241. ನಡುವಿನ 22,853 ಮಂದಿಯ ಹೆಸರಿನಲ್ಲಿ ತಿಂಗಳಿಗೆ 17 ಕೋಟಿ ಹೋಗುತ್ತಿದೆ ಎಂಬ ಸುದ್ದಿಯನ್ನು ಮೇಯರ್ ಕಂವರ್ ಸೇನ್ ಅವರೇ ಹೊರಗೆ ಹೇಳಬೇಕಾಯಿತು. ಅಂಕಿ ಎಷ್ಟು ಸರಿ ಎಂಬ ವಾದ ಆಮೇಲೂ ನಡೆಯಿತು. ಲೆಕ್ಕ ನೋಡುವವನಿಗೆ ಕಾಡುವುದು ಬೇರೆ: ಸಂಬಳದ ಪಟ್ಟಿ ವರ್ಷವರ್ಷವೂ ಬಜೆಟ್ಟಿನ ರೂಪದಲ್ಲಿ ಸಭೆಯ ಮುಂದೆ ಬಂದು ಹೋಗುತ್ತಿತ್ತು. ಬಜೆಟ್ ಚರ್ಚೆಯಲ್ಲಿ ಭಾಷಣಗಳಿಗೆ ಕೊರತೆಯೂ ಇರಲಿಲ್ಲ.

ದೊಡ್ಡ ಸಭೆಯಲ್ಲಿ ನಿಜವಾದ ಪರಿಶೀಲನೆ ನಡೆಯುವುದು ಅಪರೂಪ. ಸಿವಿಕ್ ಸೆಂಟರಿನ ಸಭಾಂಗಣದಲ್ಲಿ 250 ಸದಸ್ಯರು ಕೂತಾಗ ಕ್ಯಾಮೆರಾ ಇರುತ್ತದೆ, ಘೋಷಣೆ ಇರುತ್ತದೆ, ಮೇಯರ್ ಪೀಠದ ಮುಂದೆ ನುಗ್ಗುವವರಿರುತ್ತಾರೆ. ಆ ಗದ್ದಲದ ನಡುವೆಯೇ ಕಾರ್ಯಸೂಚಿಯ ವಿಷಯಗಳು ಒಂದಾದ ಮೇಲೊಂದು "ಪಾಸ್, ಪಾಸ್" ಎಂದು ಸಾಗಿಬಿಡುತ್ತವೆ. ಕೊನೆಗಳಿಗೆಯಲ್ಲಿ ಮೇಜಿನ ಮೇಲೆ ಬಂದು ಬೀಳುವ ಪ್ರಸ್ತಾವಗಳನ್ನು ಓದಲು ಸಮಯವೇ ಇರುವುದಿಲ್ಲ. ಅಂಥವನ್ನು ಮುಂದಿನ ಸಭೆಗೆ ಮುಂದೂಡಿ ಎಂದು ಬರವಣಿಗೆಯಲ್ಲಿ ಕೇಳುವ ಒಬ್ಬ ಸದಸ್ಯ, ಕಿರಿಚುವ ಹತ್ತು ಮಂದಿಗಿಂತ ಹೆಚ್ಚು ಕಿರಿಕಿರಿ ಕೊಡುತ್ತಾನೆ.

ಫಲ ಸಿಗುವುದು ಕೆಳಗಿನ ಹಂತದಲ್ಲಿ. ಪಾಲಿಕೆಗೆ 12 ವಲಯಗಳಿವೆ, ಪ್ರತಿ ವಲಯಕ್ಕೂ ಒಂದು ವಾರ್ಡ್ ಸಮಿತಿ. ಅಲ್ಲಿ ಪತ್ರಕರ್ತರು ಕಡಿಮೆ, ಆದ್ದರಿಂದ ನಾಟಕವೂ ಕಡಿಮೆ. ವಲಯದ ಉಪ ಆಯುಕ್ತರು, ಎಂಜಿನಿಯರು, ಆರೋಗ್ಯಾಧಿಕಾರಿಗಳು ಎದುರಿಗೇ ಕೂತಿರುತ್ತಾರೆ. ಢಲಾವ್ ಅಂದರೆ ಕಸ ಸುರಿಯುವ ಕಟ್ಟೆಮನೆಯಿಂದ ದಿನಕ್ಕೆ ಎಷ್ಟು ಬಾರಿ ಗಾಡಿ ಹೊರಡುತ್ತದೆ ಎಂದು ಕೇಳಿದರೆ ಅಲ್ಲೇ ಉತ್ತರ ಹೇಳಬೇಕು. ನಮ್ಮ ಸದಸ್ಯೆ ಬೇರೆ ಪಕ್ಷದ ಇಬ್ಬರನ್ನು ಜೊತೆಗೆ ಕರೆದುಕೊಂಡು ಒಂದೇ ಪ್ರಶ್ನೆಯನ್ನು ಮೂರು ವಾರ್ಡುಗಳಿಗೆ ಕೇಳಿಸಿದರು. ಒಂದೇ ಗುತ್ತಿಗೆ, ಒಂದೇ ದರ, ಮೂರು ಬೇರೆ ಉತ್ತರ! "ಅಂಕಲ್‌ಜೀ, ಇದನ್ನೇ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಆಕೆ ನನ್ನನ್ನೇ ದಬಾಯಿಸಿದರು. ಅಂದಿನಿಂದ ಕಡತದ ಮೇಲಿನ ಅವರ ಬೇಸರ ಅರ್ಧ ಇಳಿಯಿತು.

ಇನ್ನೊಂದು ತಿಳಿವಳಿಕೆ ಬಂದದ್ದು ಕೆಳಗಿನ ನೌಕರರಿಂದ. ಬೇಲ್ದಾರನನ್ನು ಎಲ್ಲರೆದುರು ಬಯ್ಯುವ ಸದಸ್ಯರಿಗೆ ಚಪ್ಪಾಳೆ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ಪಂಪು ಕೆಟ್ಟಿದೆ, ಡೀಸೆಲ್ ಬಂದಿಲ್ಲ, ನಾಲ್ವರ ಜಾಗದಲ್ಲಿ ಒಬ್ಬನಿದ್ದೇನೆ ಎಂದು ಅವನು ಹೇಳುವುದು ಚಹಾ ಅಂಗಡಿಯಲ್ಲಿ. ಮೇಲಿನವರಿಗೆ ಕೇಳಬೇಕಾದ ಪ್ರಶ್ನೆ ಅಲ್ಲಿ ಹುಟ್ಟುತ್ತದೆ.

ಇಷ್ಟೆಲ್ಲ ಇದ್ದೂ ಸಮಿತಿಯೇ ಇಲ್ಲದಿದ್ದರೆ? 2022ರ ಮೇ 22ರಂದು ಮೂರು ಪಾಲಿಕೆಗಳು ಮತ್ತೆ ಒಂದಾದವು. ಡಿಸೆಂಬರಿನ ಚುನಾವಣೆಯಲ್ಲಿ ಆಮ್ ಆದ್ಮಿ ಪಕ್ಷಕ್ಕೆ 134, ಬಿ.ಜೆ.ಪಿ.ಗೆ 104 ಸ್ಥಾನ ಬಂದವು. ಮೇಯರ್ ಆಯ್ಕೆಯ ಸಭೆ ಮೂರು ಸಲ ಮುರಿದುಬಿದ್ದು, ನಾಮಕರಣಗೊಂಡ ಸದಸ್ಯರಿಗೆ ಮತವಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2023ರ ಫೆಬ್ರವರಿ 22ರಂದು ಶೆಲ್ಲಿ ಒಬೆರಾಯ್ ಗೆದ್ದರು. ಎರಡೇ ದಿನದಲ್ಲಿ ಸ್ಥಾಯಿ ಸಮಿತಿಯ ಆರು ಸ್ಥಾನಗಳ ಮತ ಎಣಿಕೆ ಹೊಡೆದಾಟದಲ್ಲಿ ಕೊನೆಗೊಂಡಿತು. ಆಮೇಲೆ ಹೈಕೋರ್ಟ್, ನಾಮಕರಣದ ಅಧಿಕಾರ ಯಾರದೆಂಬ ಇನ್ನೊಂದು ವ್ಯಾಜ್ಯ, 2024ರ ಆಗಸ್ಟ್ 5ರ ಸುಪ್ರೀಂ ಕೋರ್ಟ್ ತೀರ್ಪು, ಸೆಪ್ಟೆಂಬರಿನಲ್ಲಿ ವಲಯ ಸಮಿತಿಗಳ ಚುನಾವಣೆ. ಹದಿನೆಂಟು ಸದಸ್ಯರ ಸ್ಥಾಯಿ ಸಮಿತಿಗೆ ಸತ್ಯಾ ಶರ್ಮಾ ಅಧ್ಯಕ್ಷೆಯಾಗಿ ಆಯ್ಕೆಯಾದದ್ದು 2025ರ ಜೂನಿನಲ್ಲಿ. ಮೂರು ವರ್ಷ ದೇಶದ ರಾಜಧಾನಿಯ ಪಾಲಿಕೆಗೆ ಹಣಕಾಸು ನೋಡುವ ಸಮಿತಿಯೇ ಇರಲಿಲ್ಲ. 5 ಕೋಟಿ ರೂಪಾಯಿ ಮೀರಿದ ಕಾಮಗಾರಿಗೆ ಆ ಸಮಿತಿ ಒಪ್ಪಬೇಕು ಎಂಬ ನಿಯಮ ಮಾತ್ರ ಹಾಗೇ ಇತ್ತು.

ಆ ನಡುವೆ ಬಂತು 2024ರ ಜುಲೈ 27. ಹಳೆಯ ರಾಜೇಂದ್ರ ನಗರದ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದ ಮೂವರು ತೀರಿಕೊಂಡರು. ವಾಹನ ನಿಲುಗಡೆಗೂ ದಾಸ್ತಾನಿಗೂ ಮಂಜೂರಾದ ನೆಲಮಾಳಿಗೆಯಲ್ಲಿ ಗ್ರಂಥಾಲಯ ನಡೆಯುತ್ತಿತ್ತು. ಅದು ಅಪಾಯ ಎಂದು ಒಬ್ಬ ವಿದ್ಯಾರ್ಥಿ ತಿಂಗಳ ಮೊದಲೇ ಆನ್‌ಲೈನಿನಲ್ಲಿ ದೂರು ಕೊಟ್ಟು, ಮತ್ತೆ ನೆನಪಿಸಿಯೂ ಇದ್ದ. ಒಬ್ಬ ಜೂನಿಯರ್ ಎಂಜಿನಿಯರ್ ಕೆಲಸ ಕಳೆದುಕೊಂಡರು, ಅವರ ಮೇಲಿನವರೊಬ್ಬರು ಅಮಾನತಾದರು. ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿದ ಹೈಕೋರ್ಟಿನಲ್ಲಿ, ದೊಡ್ಡ ಯೋಜನೆಗೆ ಒಪ್ಪಿಗೆ ಕೊಡಬೇಕಾದ ಸ್ಥಾಯಿ ಸಮಿತಿಯೇ ಇಲ್ಲವಲ್ಲ ಎಂಬ ಮಾತೂ ಬಂತು. ಸಮಿತಿ ಇದ್ದಿದ್ದರೆ ಆ ಮೂವರು ಉಳಿಯುತ್ತಿದ್ದರು ಎನ್ನುವುದು ದುಡುಕಿನ ಮಾತು. ಆದರೆ ಉತ್ತರವಿಲ್ಲದೆ ಬಿದ್ದ ದೂರುಗಳ ಪಟ್ಟಿ ಕೊಡಿ ಎಂದು ಸಮಿತಿಯ ಮೇಜಿನಿಂದ ಕೇಳುವ ಒಂದು ದಾರಿ ಮುಚ್ಚಿತ್ತು, ಅದು ಖಚಿತ.

ಯಮುನೆಯ ಈಚೆಗಿರುವವರಿಗೆ ಹೋಲಿಕೆಗೆ ದೂರ ಹೋಗಬೇಕಿಲ್ಲ. ಒಂದು ಕಡೆ ಗಾಜಿಯಾಬಾದ್: 100 ವಾರ್ಡು, ಚುನಾಯಿತ ಮೇಯರ್. ಇನ್ನೊಂದು ಕಡೆ ನೊಯ್ಡಾ: 1976ರ ಏಪ್ರಿಲ್ 17ರಂದು ಕೈಗಾರಿಕಾ ಪಟ್ಟಣವಾಗಿ ಹುಟ್ಟಿದ್ದು. ರಸ್ತೆ, ಪಾರ್ಕು, ದೀಪ ಅಚ್ಚುಕಟ್ಟು, ಆದರೆ ಒಬ್ಬನೇ ಒಬ್ಬ ಚುನಾಯಿತ ಪಾಲಿಕೆ ಸದಸ್ಯನಿಲ್ಲ. ಊರು ನಡೆಸುವ ಪ್ರಾಧಿಕಾರಕ್ಕೆ ಐ.ಎ.ಎಸ್. ಅಧಿಕಾರಿಯೇ ಮುಖ್ಯಸ್ಥ. ಸೆಕ್ಟರ್ 93-ಎಯ ಅವಳಿ ಗೋಪುರಗಳ ನಕ್ಷೆಗೆ ಒಪ್ಪಿಗೆ ಸಿಕ್ಕಿದಾಗ ಪ್ರಶ್ನಿಸಲು ನಿವಾಸಿಗಳು ಕೋರ್ಟಿಗೇ ಹೋಗಬೇಕಾಯಿತು. 2014ರಲ್ಲಿ ಅಲಹಾಬಾದ್ ಹೈಕೋರ್ಟ್, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅವನ್ನು ಕೆಡವಲು ಹೇಳಿದವು. ಬಿಲ್ಡರನೊಂದಿಗೆ ಪ್ರಾಧಿಕಾರದ ಅಧಿಕಾರಿಗಳು ಶಾಮೀಲಾಗಿದ್ದರು ಎಂದು ಸುಪ್ರೀಂ ಕೋರ್ಟೇ ಹೇಳಿತು. 2022ರ ಆಗಸ್ಟ್ 28ರಂದು ಎರಡೂ ಗೋಪುರಗಳನ್ನು ಸಿಡಿಸಿದಾಗ ಧೂಳು ಸುತ್ತಲಿನ ಸೆಕ್ಟರುಗಳನ್ನೆಲ್ಲ ಆವರಿಸಿತು. ನಕ್ಷೆ ತಿದ್ದಿದಾಗಲೇ ಒಬ್ಬ ಸದಸ್ಯ ಕಡತ ಕೇಳಿದ್ದರೆ ಖರ್ಚಾಗುತ್ತಿದ್ದದ್ದು ಒಂದು ಹಾಳೆ ಕಾಗದ.

ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಬೆಂಗಳೂರಿನಿಂದ ಬಂದವರು ಸಿಕ್ಕಾಗ ಮಾತು ಅವರ ಊರಿನ ಪಾಲಿಕೆಗೇ ತಿರುಗುತ್ತದೆ. 2020ರ ಸೆಪ್ಟೆಂಬರ್ 10ಕ್ಕೆ ಬಿ.ಬಿ.ಎಂ.ಪಿ. ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. 2025ರ ಸೆಪ್ಟೆಂಬರ್ 2ರಂದು ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದಾಗಲೂ ಸದಸ್ಯರ ಕುರ್ಚಿಗಳು ಖಾಲಿ ಇದ್ದವು. "ಕಾರ್ಪೊರೇಟರುಗಳಿಲ್ಲದಿದ್ದರೇ ಗಲಾಟೆ ಕಡಿಮೆ ಸಾರ್" ಎನ್ನುವವರೂ ಇದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ಐದು ಕಡೆ ಮೇಯರ್ ಯಾರಾದರೆಂದು ಟಿ.ವಿ.ಯೇ ಹೇಳುತ್ತದೆ. ನೀವು ಲೆಕ್ಕಪತ್ರ ಸ್ಥಾಯಿ ಸಮಿತಿ ಎಷ್ಟು ದಿನದಲ್ಲಿ ರಚನೆಯಾಯಿತು, ಅದು ತಿಂಗಳಿಗೆ ಎಷ್ಟು ಸಲ ಸೇರಿತು, ಲೆಕ್ಕ ಪರಿಶೋಧನೆಯ ಎಷ್ಟು ಆಕ್ಷೇಪಗಳಿಗೆ ಉತ್ತರ ಬಂತು, ಸಭೆಯ ನಡಾವಳಿ ಓದಲು ಸಿಗುತ್ತದೆಯೇ, ಇಷ್ಟನ್ನು ನಿಮ್ಮ ವಾರ್ಡಿನ ಸದಸ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ರಾಜಕಾಲುವೆಯ ಹೂಳಿನ ಪ್ರಶ್ನೆಯನ್ನು ಮಾರ್ಚಿನೊಳಗೆ ಕೊಡಿಸಿ, ಮೇ ತಿಂಗಳಲ್ಲಿ ಕೊಟ್ಟರೆ ಬಿಲ್ ಆಗಲೇ ಪಾವತಿಯಾಗಿರುತ್ತದೆ.