ಮೈಕಿನ ಮಗ್ಗುಲು

ಟೇಕ್ ಮುಗಿದ ಮೇಲೆ ಅಮ್ಮನಿಗೆ ಹಾಡು ಕೇಳಿಸಿದೆ. ನಲವತ್ತು ವರ್ಷ ಭಾವಗೀತೆ ಹಾಡಿದ, ಕಲಿಸಿದ ಹಿರಿಯ ಗಾಯಕಿ ಅವರು. ನಾವೆಲ್ಲ ಅಮ್ಮ ಎಂದೇ ಕರೆಯುವುದು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಚೆನ್ನಾಗಿ ಬಂದಿದೆ ಕಣಪ್ಪಾ. ಆದರೆ ಇದು ನನ್ನ ದನಿಯಲ್ಲ" ಎಂದರು.

ನನಗೆ ಮಾತು ಹೊರಡಲಿಲ್ಲ. ಅವರೆದುರು ನಾನು ನಿಲ್ಲಿಸಿದ್ದು ನ್ಯೂಮನ್ ಯು 87. 1967ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಅಂದಿನಿಂದ ಜಗತ್ತಿನ ಸ್ಟುಡಿಯೊಗಳಲ್ಲಿ ಕಂಠಕ್ಕೆಂದು ಮೊದಲು ಕೈಗೆತ್ತಿಕೊಳ್ಳುವ ಮೈಕು. ನನ್ನದು 1986ರಿಂದ ಬರುತ್ತಿರುವ 'ಯು 87 ಎಐ' ಎಂಬ ಮಾದರಿ. ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಕೊಂಡದ್ದು. ಇಂಥ ಮೈಕಿನ ಮುಂದೆ ಯಾರ ದನಿಯಾದರೂ ಅದರ ಪಾಡಿಗೆ ಅದು ಚೆನ್ನಾಗಿ ಬರುತ್ತದೆ ಎಂದು ನಂಬಿದ್ದೆ.

ಆರು ಹಾಡುಗಳ ಕೆಲಸ ಅದು. ಒಂದು ಕಂಠ, ಒಂದು ಪಿಯಾನೊ, ಬೇರೇನೂ ಇಲ್ಲ. ಕೀಬೋರ್ಡ್ ಬೇಡ, ತಂತಿಯ ಪಿಯಾನೊವೇ ಬೇಕು ಎಂದು ಅಮ್ಮ ಮೊದಲೇ ಹೇಳಿದ್ದರು. ಪರಿಚಯದವರ ಹಳೆಯ ಮನೆಯ ಹಜಾರದಲ್ಲಿ ಒಂದು ಗ್ರ್ಯಾಂಡ್ ಪಿಯಾನೊ ಇತ್ತು. ಅಲ್ಲಿಗೆ ಹೋಗುವ ಮೊದಲು ಕಂಠಕ್ಕೆ ಸರಿಯಾದ ಮೈಕು ಯಾವುದು ಎಂದು ಸ್ಟುಡಿಯೊದಲ್ಲೇ ತೀರ್ಮಾನಿಸಿಬಿಡೋಣ ಎಂದುಕೊಂಡೆ. ಗೆಳೆಯರಿಂದ ಕೇಳಿ ತಂದವೂ ಸೇರಿ ನಾಲ್ಕು ಬಗೆಯ ಕಂಡೆನ್ಸರ್‌ಗಳು ಕೈಗೆ ಬಂದವು: ಯು 87, ಎಕೆಜಿಯ ಸಿ 414 ಎಕ್ಸ್‌ಎಲ್‌ಎಸ್ ಒಂದು ಜೊತೆ, ಪೆನ್ಸಿಲ್‌ನಂತೆ ತೆಳ್ಳಗಿರುವ ನ್ಯೂಮನ್ ಕೆಎಂ 184 ಒಂದು ಜೊತೆ, ಮತ್ತು ರೋಡ್ ಎನ್‌ಟಿ1-ಎ. ಕೊನೆಯದರ ಬೆಲೆ ಯು 87ರ ಹತ್ತನೇ ಒಂದು ಪಾಲೂ ಇಲ್ಲ.

ಮೊದಲ ಹೋಲಿಕೆಯಲ್ಲಿ ನಾನು ಮಾಡಿದ ತಪ್ಪನ್ನು ಈಗಲೂ ಹೊಸಬರು ಮಾಡುವುದನ್ನು ನೋಡುತ್ತೇನೆ. ಎಲ್ಲ ಮೈಕುಗಳಿಗೂ ಪ್ರೀಆಂಪಿನ ಗೇನ್ ಒಂದೇ ಗುರುತಿನಲ್ಲಿಟ್ಟೆ. ಅದೇ ನ್ಯಾಯ ಅನ್ನಿಸಿತ್ತು. ಆದರೆ ಒಂದು ಪಾಸ್ಕಲ್ ಒತ್ತಡದ ಸದ್ದಿಗೆ ಯು 87 ಸುಮಾರು 28 ಮಿಲಿವೋಲ್ಟ್ ಕೊಡುತ್ತದೆ, ಕೆಎಂ 184 ಕೊಡುವುದು 15. ಅಂದರೆ ಯು 87 ಐದು ಡೆಸಿಬಲ್‌ಗಿಂತ ಹೆಚ್ಚು ಜೋರು. ಒಂದೇ ಡೆಸಿಬಲ್ ಜೋರಾದರೂ ನಮ್ಮ ಕಿವಿ ಅದನ್ನು 'ಜೋರು' ಎಂದು ಗುರುತಿಸುವುದಿಲ್ಲ, 'ತುಂಬಿಕೊಂಡಿದೆ, ಹತ್ತಿರವಿದೆ' ಎಂದು ಮೆಚ್ಚಿಕೊಳ್ಳುತ್ತದೆ. ಹಾಗಾಗಿ ಯು 87 ಗೆದ್ದಿತು. ಅದು ಗೆಲ್ಲಲಿ ಎಂಬ ಆಸೆ ನನಗೂ ಇತ್ತು.

ಮರುದಿನ ಬೇರೆ ಕ್ರಮ ಹಿಡಿದೆ. ಅಮ್ಮನ ಬಾಯಿ ಇರುವ ಜಾಗದಲ್ಲಿ ಒಂದು ಸ್ಪೀಕರ್ ಇಟ್ಟು, ಮಳೆ ಸುರಿದಂತೆ ಕೇಳುವ ಪಿಂಕ್ ನಾಯ್ಸ್ ಹಾಕಿ, ಮೀಟರ್ ನೋಡಿಕೊಂಡು ಎಲ್ಲ ಮೈಕುಗಳ ಮಟ್ಟ ಸಮ ಮಾಡಿದೆ. ಒಂದಾದ ಮೇಲೊಂದು ಟೇಕ್ ತೆಗೆದರೆ ಹಾಡುವವರ ಮನಸ್ಸೂ ಕಂಠವೂ ಬದಲಾಗುತ್ತವೆ. ಅದಕ್ಕೇ ಬಗೆಗೊಂದರಂತೆ ನಾಲ್ಕನ್ನೂ ಒತ್ತಟ್ಟಿಗೆ ಕಟ್ಟಿ, ಬಾಯಿಂದ ಒಂದು ಗೇಣು ದೂರದಲ್ಲಿಟ್ಟು, ಒಂದೇ ಹಾಡಿಕೆಯನ್ನು ನಾಲ್ಕರಲ್ಲೂ ಹಿಡಿದೆ. ಸಹಾಯಕ ಹುಡುಗ ಫೈಲುಗಳಿಗೆ ಕ, ಖ, ಗ, ಘ ಎಂದು ಹೆಸರಿಟ್ಟು ಯಾವುದು ಏನೆಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡ.

ನಾನು ಯು 87 ಎಂದು ಬೊಟ್ಟುಮಾಡಿ ತೋರಿಸಿದ್ದು ಸಿ 414. ನಿನ್ನೆ ಬೆಟ್ಟದಷ್ಟು ಕಂಡ ಅಂತರ ಇವತ್ತು ಒಂದು ಹಿಡಿಯಷ್ಟಾಗಿತ್ತು.

ಹಾಗೆಂದು ಎಲ್ಲವೂ ಒಂದೇ ಆಗಿರಲಿಲ್ಲ. ವ್ಯತ್ಯಾಸ ಬಯಲಾದದ್ದು ಆಲಾಪದಲ್ಲಿ ಅಲ್ಲ, ಅಕ್ಷರಗಳಲ್ಲಿ. ಭಾವಗೀತೆಯಲ್ಲಿ ಮಾತೇ ಮುಂದೆ ನಿಲ್ಲುವುದು. ಎನ್‌ಟಿ1-ಎಯಲ್ಲಿ ಮೇಲಿನ ಕಂಪನಗಳು ಎದ್ದು ಕೇಳುತ್ತವೆ. ಅಮ್ಮನ ಸ, ಶ ಅಲ್ಲಿ ಸೂಜಿಯಂತೆ ಚುಚ್ಚುತ್ತಿದ್ದವು. ಯು 87ರಲ್ಲಿ ಳ, ಣಗಳಿಗೆ ಮೈ ಬಂದಿತ್ತು, ಪದ ಪದವೂ ಮುಂದೆ ಬಂದು ನಿಲ್ಲುತ್ತಿತ್ತು. ಸಿ 414 ಏನನ್ನೂ ಎತ್ತಿ ಹಿಡಿಯದೆ ಸಾದಾ ಇತ್ತು. ಕೆಎಂ 184ರಲ್ಲಿ ಉಚ್ಚಾರ ಸ್ಪಷ್ಟ, ಆದರೆ ಮಂದ್ರಕ್ಕೆ ಇಳಿದಾಗ ದನಿ ತೆಳುವಾಗುತ್ತಿತ್ತು. ಭ, ಫಗಳ ಉಸಿರು ಎಲ್ಲದರಲ್ಲೂ ಬಡಿಯುತ್ತಿತ್ತು. ಅದಕ್ಕೆ ಮೈಕು ಬದಲಿಸಬೇಕಾಗಿರಲಿಲ್ಲ. ತುಟಿಯ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲಕ್ಕೆ ಏರಿಸಿ ಕೊಂಚ ಓರೆ ಮಾಡಿದರೆ ಸಾಕಾಯಿತು. ಮೈಕಿಗೂ ಮೈಕಿಗೂ ಇದ್ದ ಅಂತರಕ್ಕಿಂತ ಆ ನಾಲ್ಕು ಬೆರಳಿನ ಅಂತರವೇ ದೊಡ್ಡದು ಎಂಬುದನ್ನು ಅವತ್ತು ನನ್ನ ಕಿವಿಯಿಂದಲೇ ಕೇಳಿದೆ.

ಕಂಠಕ್ಕೆ ಯು 87 ಇರಲಿ ಎಂದು ತೀರ್ಮಾನಿಸಿದೆ. ಅಮ್ಮನ ಮಾತು ಮಾತ್ರ ಹಾಗೆಯೇ ಉಳಿದಿತ್ತು. ಮತ್ತೆ ಹಾಡಿಸಿದೆ, ಮತ್ತೆ ಕೇಳಿದರು, ಏನೂ ಹೇಳದೆ ನಕ್ಕು ಹೊರಟರು.

ಆಮೇಲೆ ಪಿಯಾನೊ ಇದ್ದ ಹಜಾರಕ್ಕೆ ಹೋದೆವು. ರಾತ್ರಿ ಹನ್ನೊಂದರ ಮೇಲೆ, ಬೀದಿ ತಣ್ಣಗಾದಾಗ, ಫ್ಯಾನ್ ನಿಲ್ಲಿಸಿ ಕೆಲಸ. ಎನ್‌ಟಿ1-ಎಯ ಸ್ವಂತ ಗದ್ದಲ ಬರೀ 5 ಡೆಸಿಬಲ್, ಯು 87ರದು 12 ಎಂಬ ಲೆಕ್ಕವನ್ನು ನಾನು ತುಂಬ ಮುಖ್ಯವೆಂದುಕೊಂಡಿದ್ದೆ. ದೂರದ ಲಾರಿ, ಪಕ್ಕದ ಮನೆಯ ನೀರಿನ ಮೋಟರು ಆ ಎರಡೂ ಲೆಕ್ಕಗಳನ್ನು ಮುಳುಗಿಸಿಬಿಟ್ಟವು.

ಪಿಯಾನೊದ ಕೆಳಗಿನ ತುದಿಯ ಕೀಲಿ 27.5 ಹರ್ಟ್ಸ್‌ನಲ್ಲಿ ನುಡಿಯುತ್ತದೆ, ಮೇಲಿನ ತುದಿಯದು 4186 ಹರ್ಟ್ಸ್‌ನಲ್ಲಿ. ಇವೂ ಸೇರಿ ಒಟ್ಟು 88 ಕೀಲಿ, ಹೆಚ್ಚು ಕಡಿಮೆ ಒಂದೂವರೆ ಮೀಟರ್ ಅಗಲದ ವಾದ್ಯ. ಯು 87 ಅನ್ನು ಮುಚ್ಚಳದೊಳಗೆ, ತಂತಿಗಳ ನಡುಭಾಗದ ಮೇಲೆ ಇಟ್ಟೆ. ಮಧ್ಯದ ಸ್ವರಗಳು ಮುತ್ತಿನಂತೆ ಬಂದವು. ಎಡದ ದಪ್ಪ ತಂತಿಗಳಿಗೆ ಹೋದೊಡನೆ ಸದ್ದು ಮಂಕಾಯಿತು, ಕಂಬಳಿ ಹೊದ್ದಂತೆ. ನುಡಿಸುವ ಹುಡುಗ ಗಾಬರಿಯಾಗಿ, "ಸರ್, ಎಡಗೈ ಸರಿಯಾಗಿ ಒತ್ತುತ್ತಿಲ್ಲವಾ ನಾನು?" ಎಂದು ಕೇಳಿದ. ಅವನ ಕೈ ಸರಿಯಾಗೇ ಇತ್ತು.

ಕಾರಣವನ್ನು ಯೋಚಿಸುತ್ತ ಕೂತಾಗ ಹಳೆಯ ಓದು ನೆನಪಾಯಿತು. ಕಂಡೆನ್ಸರ್ ಮೈಕನ್ನು ಅಮೆರಿಕದಲ್ಲಿ ಇ.ಸಿ. ವೆಂಟೆ 1916ರಲ್ಲಿ ರೂಪಿಸಿದ್ದು ಸದ್ದನ್ನು ಅಳೆಯುವ ಉಪಕರಣವಾಗಿ. ತೆಳ್ಳನೆಯ ಪೊರೆಯೊಂದು ಲೋಹದ ತಟ್ಟೆಯ ಮುಂದೆ ಕಂಪಿಸುತ್ತದೆ, ಆ ಕಂಪನ ವಿದ್ಯುತ್ತಾಗುತ್ತದೆ. ದೊಡ್ಡ ಪೊರೆಯ ಮೈಕುಗಳಲ್ಲಿ ಆ ಪೊರೆ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲ. ಹತ್ತು ಸಾವಿರ ಹರ್ಟ್ಸ್‌ನ ಸದ್ದಿನ ಅಲೆಯ ಉದ್ದವೋ ಮೂರೂವರೆ ಸೆಂಟಿಮೀಟರ್ ಅಷ್ಟೆ. ನೇರ ಎದುರಿನಿಂದ ಬಂದ ಅಲೆ ಪೊರೆಯನ್ನು ಒಟ್ಟಿಗೆ ತಳ್ಳುತ್ತದೆ. ಓರೆಯಿಂದ ಬಂದರೆ ಅಲೆಯ ಏರು ಒಂದು ಅಂಚಿಗೆ, ಇಳಿತ ಇನ್ನೊಂದು ಅಂಚಿಗೆ ತಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಮೇಲಿನ ಕಂಪನಗಳು ಸತ್ತು ಸದ್ದು ಮಂಕಾಗುವುದು ಹೀಗೆ. ಪೊರೆ ಚಿಕ್ಕದಾದಷ್ಟೂ ಈ ಕಾಟ ಕಡಿಮೆ.

ಕಂಠ ಒಂದೇ ಬಿಂದುವಿನಿಂದ ಹೊರಡುತ್ತದೆ; ಅದಕ್ಕೆ ಮೈಕಿನ ಮುಖ ಚೆನ್ನಾಗಿದ್ದರೆ ಸಾಕು. ಪಿಯಾನೊ ಎಲ್ಲ ಕಡೆಯಿಂದ ನುಡಿಯುತ್ತದೆ. ತಂತಿ, ಹಲಗೆ, ಮುಚ್ಚಳ, ನೆಲ. ಅದಕ್ಕೆ ಬೇಕಾದದ್ದು ಮಗ್ಗುಲು ಚೆನ್ನಾಗಿರುವ ಮೈಕು. ಅಮ್ಮನ ದನಿಯ ಮುಂದೆ ದಿನವಿಡೀ ಪರೀಕ್ಷೆ ಮಾಡಿದರೂ ಯಾವ ಮೈಕಿನ ಮಗ್ಗುಲನ್ನೂ ನಾನು ಕೇಳಿಯೇ ಇರಲಿಲ್ಲ.

ಕೆಎಂ 184 ಜೊತೆಯನ್ನು 17 ಸೆಂಟಿಮೀಟರ್ ಅಂತರದಲ್ಲಿ, 110 ಡಿಗ್ರಿ ಅಗಲಿಸಿ ನಿಲ್ಲಿಸಿದೆ. ಫ್ರೆಂಚ್ ರೇಡಿಯೊದ ಹೆಸರಿನಲ್ಲೇ ಓಆರ್‌ಟಿಎಫ್ ಎಂದು ಕರೆಯುವ ಕ್ರಮವದು. ಎಡಗೈಯೂ ಬಲಗೈಯೂ ಒಂದೇ ವಾದ್ಯದ್ದಾಗಿ ಕೇಳಿದವು, ಮಂದ್ರದ ಕೊನೆಯ ಅಷ್ಟಕ ಮಾತ್ರ ಸ್ವಲ್ಪ ಬಡಕಲು. ಒಂದು ದಿಕ್ಕಿಗೆ ಕಿವಿಗೊಡುವ ಮೈಕುಗಳ ಗುಣವೇ ಅದು: ಹತ್ತಿರ ಹೋದರೆ ಮಂದ್ರ ಉಬ್ಬುತ್ತದೆ, ದೂರ ಸರಿದರೆ ಸೊರಗುತ್ತದೆ. ಸಿ 414ಗಳನ್ನು ಸುತ್ತಲೂ ಕೇಳುವ ಓಮ್ನಿಗೆ ತಿರುಗಿಸಿ, ಮುಚ್ಚಳದ ಹೊರಗೆ ಅರವತ್ತು ಸೆಂಟಿಮೀಟರ್ ಅಂತರದಲ್ಲಿಟ್ಟಾಗ ಆ ಬಡಕಲುತನ ಹೋಯಿತು. ಮಂದ್ರ ನೆಲದಿಂದ ಎದ್ದು ಬಂದಂತೆ ಬಂತು. ಜೊತೆಗೆ ಹಜಾರವೂ ಬಂತು. ರೆಡ್ ಆಕ್ಸೈಡ್ ನೆಲದ ಪ್ರತಿಧ್ವನಿಗೆ ಜಮಖಾನ ಹಾಸಬೇಕಾಯಿತು. ಪಿಯಾನೊ ಒಂದನ್ನೇ ಹಿಡಿಯುವುದಾದರೆ ಇದೇ ಸರಿ ಎಂದು ಬರೆದಿಟ್ಟುಕೊಂಡೆ.

ಅಷ್ಟರಲ್ಲಿ ಅಮ್ಮ ಬಂದರು. ಪಿಯಾನೊದ ಪಕ್ಕ ನಿಂತು ಹುಡುಗನ ಜೊತೆ ಸುಮ್ಮನೆ ಒಂದು ಪಲ್ಲವಿ ಹಾಡಿದರು. ನಾನು ಕೇಬಲ್ ಸುತ್ತುತ್ತಿದ್ದವನು ಕೈಬಿಟ್ಟು ನಿಂತೆ. ಸ್ಟುಡಿಯೊದಲ್ಲಿ ಕೇಳದ ದನಿ ಅದು. ಚರಣದ ಕೊನೆಯಲ್ಲಿ ಅವರು ತಡೆದರೆ ಹುಡುಗ ಕಾಯುತ್ತಿದ್ದ. ಅವನು ಮೆಲ್ಲಗೆ ಒತ್ತಿದರೆ ಇವರ ದನಿಯೂ ತಗ್ಗುತ್ತಿತ್ತು. ಸ್ಟುಡಿಯೊದಲ್ಲಿ ಹೆಡ್‌ಫೋನಿನಿಂದ ಕಿವಿ ಮುಚ್ಚಿಕೊಂಡು, ಮೊದಲೇ ಹಿಡಿದಿಟ್ಟ ಟ್ರ್ಯಾಕಿಗೆ ಹಾಡುವಾಗ ಅವರು ಟ್ರ್ಯಾಕಿನ ಹಿಂದೆ ನಡೆಯುತ್ತಿದ್ದರು. ನನ್ನ ದನಿಯಲ್ಲ ಎಂದದ್ದಕ್ಕೆ ಕಾರಣ ನಾನು ಹುಡುಕುತ್ತಿದ್ದ ಡಬ್ಬಿಯೊಳಗೆ ಇರಲೇ ಇಲ್ಲ.

"ಇಬ್ಬರದೂ ಒಟ್ಟಿಗೇ ಹಿಡಿದುಬಿಡೋಣವಾ ಅಮ್ಮಾ?" ಎಂದೆ.

"ಮೊದಲಿಂದ ಅದೇ ತಾನೇ ಕಾಯ್ತಿದ್ದೆ" ಎಂದರು.

ಒಂದೇ ಕೋಣೆಯಲ್ಲಿ ಒಟ್ಟಿಗೆ ಹಿಡಿಯುವುದೆಂದರೆ ಪಿಯಾನೊ ಕಂಠದ ಮೈಕಿಗೂ, ಕಂಠ ಪಿಯಾನೊದ ಮೈಕುಗಳಿಗೂ ನುಗ್ಗುತ್ತದೆ. ಅದೂ ಮಗ್ಗುಲಿನಿಂದ. ಬರೆದಿಟ್ಟ ತೀರ್ಮಾನಗಳನ್ನು ಹೊಡೆದುಹಾಕಿದೆ. ಓಮ್ನಿ 414ಗಳು ಅಮ್ಮನ ದನಿಯನ್ನು ಪಿಯಾನೊದಷ್ಟೇ ಹಿಡಿಯುತ್ತಿದ್ದವು, ತೆಗೆದೆ. ಕೆಎಂ 184ಗಳನ್ನು ಮತ್ತೆ ತಂದು, ಬೆನ್ನು ಅಮ್ಮನ ಕಡೆ ಬರುವಂತೆ ತಂತಿಗಳ ಹತ್ತಿರ ಸರಿಸಿದೆ. ಹತ್ತಿರವಾದದ್ದರಿಂದ ಮಂದ್ರ ತುಂಬಿಕೊಂಡಿತು, ಒಳನುಸುಳಿದ ಕಂಠವೂ ಬಣ್ಣಗೆಡದೆ ಬಂತು.

ಕಂಠಕ್ಕೆ ಯು 87 ಅನ್ನೇ ಇಟ್ಟೆ, ಆದರೆ ಫಿಗರ್ ಎಯ್ಟ್‌ಗೆ ತಿರುಗಿಸಿದೆ. ಅದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಪೊರೆಗಳಿವೆ. ಈ ಕ್ರಮದಲ್ಲಿ ಒಂದರಿಂದ ಇನ್ನೊಂದು ಕಳೆಯುತ್ತದೆ. ಮಗ್ಗುಲಿನಿಂದ ಬಂದ ಸದ್ದು ಎರಡಕ್ಕೂ ಸಮನಾಗಿ ತಾಗಿ ಹೆಚ್ಚೂಕಡಿಮೆ ಸೊನ್ನೆಯಾಗುತ್ತದೆ. ಆ ಕಿವುಡು ಮಗ್ಗುಲನ್ನು ಪಿಯಾನೊದ ಕಡೆಗೆ ಕೊಟ್ಟೆ. ಹಿಂಬದಿಯ ಪೊರೆ ಗೋಡೆಯ ಸದ್ದು ಕೇಳದಂತೆ ದಪ್ಪ ಕಂಬಳಿ ಎರಡು ಮಡಿಕೆ ಮಾಡಿ ಇಳಿಬಿಟ್ಟೆ. ಈ ಕ್ರಮದಲ್ಲಿ ಹತ್ತಿರದ ದನಿಯ ಮಂದ್ರ ಇನ್ನೂ ಹೆಚ್ಚು ಉಬ್ಬುವುದರಿಂದ ಅಮ್ಮನನ್ನು ಒಂದು ಗೇಣಿನಿಂದ ಒಂದೂವರೆ ಗೇಣಿಗೆ ಹಿಂದೆ ನಿಲ್ಲಿಸಿದೆ. ಮೈಕು ಅದೇ, ಕಂಠ ಅದೇ. ತಿರುಗಿದ್ದು ಮಗ್ಗುಲು ಮಾತ್ರ.

ಈಗ ಹುಡುಗರು ಯಾವ ಮೈಕ್ ಕೊಳ್ಳಲಿ ಎಂದು ಕೇಳಿದಾಗ ನಾನು ಹೆಸರು ಹೇಳುವುದಿಲ್ಲ. ಮಟ್ಟ ಸಮ ಮಾಡಿ, ಹೆಸರು ಮುಚ್ಚಿ ಕೇಳು ಎನ್ನುತ್ತೇನೆ. ಕಂಠಕ್ಕಾದರೆ ನಿನ್ನ ಭಾಷೆಯ ಅಕ್ಷರಗಳನ್ನು ಹಾಡಿಸಿ ನೋಡು. ಪಿಯಾನೊಗಾದರೆ ಮೈಕಿನ ಪಕ್ಕದಲ್ಲಿ, ಹಿಂದೆ ನಿಂತು ಮಾತಾಡಿ, ಅಲ್ಲಿಂದ ದನಿ ಹೇಗೆ ಬರುತ್ತದೆ ಕೇಳು. ದುಡ್ಡು ಕಡಿಮೆಯಿದ್ದರೆ ಚಿಂತೆಯಿಲ್ಲ, ಇರುವ ಮೈಕನ್ನು ನಾಲ್ಕು ಬೆರಳು ಸರಿಸುವ ತಾಳ್ಮೆ ಇರಲಿ. ಎಲ್ಲಕ್ಕಿಂತ ಮೊದಲು, ಹಾಡುವವರು ಯಾರ ಜೊತೆ ಹಾಡಲು ಬಯಸುತ್ತಾರೆ ಎಂದು ವಿಚಾರಿಸು. ನಾನು ಅದನ್ನು ಕೊನೆಗೆ ಕೇಳಿದೆ.

ಆ ರಾತ್ರಿ ಎರಡು ಗಂಟೆಗೆ ಮೊದಲ ಹಾಡು ಮುಗಿಯಿತು. ಅಮ್ಮನಿಗೆ ಹೆಡ್‌ಫೋನ್ ಕೊಟ್ಟೆ. ಎಂದಿನಂತೆ ಕಣ್ಣು ಮುಚ್ಚಿ ಕೇಳಿದರು. ತೆಗೆದಿಟ್ಟು ಹುಡುಗನ ಕಡೆ ತಿರುಗಿ, "ಎರಡನೇ ಚರಣದಲ್ಲಿ ನಾನು ಶ್ರುತಿ ಇಳಿದಿದ್ದೀನಿ ಕಣೋ. ಬಾ, ಇನ್ನೊಂದು ಸಲ ಹಾಡೋಣ" ಎಂದರು.

ತಪ್ಪು ತಮ್ಮದೆಂದು ಗುರುತಿಸುವಷ್ಟು ಆ ದನಿ ಅವರದಾಗಿತ್ತು. ನಾನು ಮೈಕುಗಳನ್ನು ಮುಟ್ಟದೆ ರೆಕಾರ್ಡ್ ಒತ್ತಿದೆ.